ತಂಬೂರಿಯ ಕೊರಳಿಗೆ ಹಚ್ಚಿದ ಅಂಟು

ಪ್ಲೇಗು ಇಳಿದು ಯರಗಟ್ಟಿಯ ಜನ ಹೊಲದ ಗುಡಿಸಲುಗಳಿಂದ ಊರೊಳಗೆ ತಿರುಗಿ ಬಂದ ದಿನ ಸಂಗಪ್ಪನ ತಂಬೂರಿ ಮುರಿಯಿತು. ಚಕ್ಕಡಿ ಹಳ್ಳದ ದಂಡೆ ಏರುವಾಗ ಬೀಸುವ ಕಲ್ಲು ಉರುಳಿ ಅದರ ಮೇಲೆ ಬಿತ್ತು. ಕಟ್ಟಿಗೆಯ ಬುರುಡೆಗೆ ಕೊರಳು ಕೂಡುವಲ್ಲಿ ಸೀಳಿ ಎರಡಾಯಿತು.

ಆ ಗುಡಿಸಲಿನಲ್ಲೇ ಅವನ ಒಬ್ಬಳೇ ಮಗಳು ಪದ್ಮವ್ವ ತೀರಿಕೊಂಡಿದ್ದಳು. ಹನ್ನೊಂದು ವರ್ಷದವಳು. ಅಂದಿನಿಂದ ಹೆಂಡತಿ ಸೋಮವ್ವ ಮಾತು ಬಿಟ್ಟಿದ್ದಳು. ರೊಟ್ಟಿ ಬಡಿದು ಗಂಡನಿಗೆ ಹಾಕಿ ತಾನು ಅರ್ಧಕ್ಕೇ ಏಳುತ್ತಿದ್ದಳು. ಸಂಜೆ ಸಂಗಪ್ಪ ತಂಬೂರಿ ಮೀಟಿ ಶಿವನ ಪದ ಹಾಡಲು ಕುಳಿತರೆ ಮಾತ್ರ ಬಂದು ಕಂಬಕ್ಕೆ ಒರಗುತ್ತಿದ್ದಳು, ಒಮ್ಮೊಮ್ಮೆ ಶ್ರುತಿ ಹಿಡಿದು ಗುನುಗುತ್ತಿದ್ದಳು. ತಂಬೂರಿ ಮುರಿದ ಮೇಲೆ ಅವನು ಬರಿ ಬಾಯಲ್ಲಿ ಹಾಡಿ ನೋಡಿದ. ಅವಳು ಎದ್ದು ಒಳಗೆ ಹೋದಳು.

ಮರುದಿನ ಅವನು ಎರಡು ತುಂಡುಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಹಗಲೆಲ್ಲ ನಡೆದು, ಹೂಲಿಯ ಬಡಿಗ ರಾಮಲಿಂಗಪ್ಪನ ಹತ್ತಿರ ಹೋದ. ರಾಮಲಿಂಗಪ್ಪ ಮುರಿದ ಮೈ ಸವರಿ ನೋಡಿ, ಕಟ್ಟಿಗೆಯ ಎಳೆಗೆ ಎಳೆ ಕೂಡುತ್ತದೆ, ಸರೇಸು ಹಚ್ಚಿದರೆ ತಂತಿಯ ಎಳೆತ ತಡೆಯುತ್ತದೆ ಎಂದ. ಸರೇಸೆಂದರೆ ತೊಗಲು, ಎಲುಬು ಕುದಿಸಿ ಇಳಿಸಿದ ಅಂಟು. ಅದರ ಗಡಿಗೆಯನ್ನು ಅವನೂ ಮನೆಯೊಳಗೆ ತರದೆ ಹಿತ್ತಲ ಬೇವಿನ ಕೆಳಗೆ ಇಟ್ಟಿದ್ದ.

ಸಂಗಪ್ಪನ ಕೈ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು.

"ಹಾಡೂ ಮುಂದ ತಂಬೂರಿ ಎದಿಗೆ ಆನಸ್ತೇನಿ. ಲಿಂಗ ಇಲ್ಲೇ ಐತಿ. ತೊಗಲಿನ ಅಂಟು ಇದಕ್ಕ ತಾಗೂದು ಬ್ಯಾಡ. ಬ್ಯಾರೆ ಏನರ ನೋಡ್ರಿ."

ರಾಮಲಿಂಗಪ್ಪ ವಾದ ಮಾಡಲಿಲ್ಲ. ಮೊದಲು ಹುಣಸೆಬೀಜ ಅರೆದು ಕುದಿಸಿದ ಅಂಟು ಹಚ್ಚಿ ಎಂಟು ದಿನ ಹಗ್ಗ ಬಿಗಿದಿಟ್ಟ. ತಂತಿ ಏರಿಸಿದೊಡನೆ ಸಂದು ಬಾಯಿ ಬಿಟ್ಟಿತು. ಆಮೇಲೆ ಅರಗು ಕರಗಿಸಿ ಹೊಯ್ದ. ಅದು ಕೂಡಿತು. ಸಂಗಪ್ಪ ತಂಬೂರಿಯನ್ನು ಮಗುವಿನಂತೆ ಹೆಗಲಿಗೆ ಹಾಕಿಕೊಂಡು ಊರಿಗೆ ತಂದ.

ಹತ್ತು ಸಂಜೆ ಸೋಮವ್ವ ಕಂಬಕ್ಕೆ ಒರಗಿ ಕೇಳಿದಳು. ಹನ್ನೊಂದನೆಯ ಸಂಜೆ ಬಾಯಿ ಬಿಟ್ಟಳು. ಪದ್ಮಿಗೆ ಸೇರುತ್ತಿದ್ದ ಪದ ಹಾಡಿರೆಂದಳು. ಅದು ಏರುದನಿಯ ಪದ. ಸಂಗಪ್ಪ ಶ್ರುತಿ ಏರಿಸಲು ಬಿರಡೆ ತಿರುವಿದ. ಅರಗು ಚಟ್ಟೆಂದು ಒಡೆದು, ಕೊರಳು ಕಳಚಿ ಅವನ ತೊಡೆಯ ಮೇಲೆ ಬಿತ್ತು.

ಸೋಮವ್ವ ಹತ್ತಿರ ಬಂದು ತುಂಡುಗಳನ್ನು ಕಂಬಳಿಯಲ್ಲಿ ಸುತ್ತಿದಳು.

"ಸರೇಸಽ ಹಚ್ಚಿಸ್ರಿ," ಎಂದಳು. "ನನ್ನ ಕೊಳ್ಳಾಗೂ ಲಿಂಗ ಐತಿ. ಪಾಪ ಬಂದ್ರ ನನಗ ಬರ್ಲಿ."

ಅವನು ಮತ್ತೆ ಹೂಲಿಗೆ ನಡೆದ. ತಂಬೂರಿಗೂ ಎದೆಗೂ ನಡುವೆ ಮಡಿಬಟ್ಟೆ ಹಿಡಿದರಾಯಿತೆಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ರಾಮಲಿಂಗಪ್ಪ ಅವನ ಮಾತು ಕೇಳಿ, ತುಂಡುಗಳನ್ನು ಬೆಳಕಿಗೆ ಹಿಡಿದು, ಕೆಳಗಿಟ್ಟ.

"ಅರಗು ಎಳಿಯೊಳಗ ಇಳದೈತಿ. ಇದರ ಮ್ಯಾಲೆ ಸರೇಸು ಹಿಡಿಯೂದಿಲ್ಲ. ಅರಗು ಹೊಯ್ಯೂಕಿಂತ ಮೊದಲಽ ನಾ ಹೇಳಬೇಕಿತ್ತು. ನನ್ನ ತಪ್ಪು."

ಆದರೂ ಅವನು ಕೈಕಟ್ಟಿ ಕೂರಲಿಲ್ಲ. ಉಳಿಯಿಂದ ಅರಗು ಕೆರೆದ. ಕೆರೆದಷ್ಟೂ ಕಟ್ಟಿಗೆ ಹೋಗಿ, ಎಳೆಗೆ ಎಳೆ ಕೂಡುತ್ತಿದ್ದಲ್ಲಿ ಉಗುರು ಹೊಗುವಷ್ಟು ಸಂದಾಯಿತು. ಬಿಸಿ ಸರೇಸು ತುಂಬಿ ಬಿಗಿದ. ಮೂರನೆಯ ದಿನ ಹಗ್ಗ ಬಿಚ್ಚಿದಾಗ ಅದು ಹಾಲಿನ ಕೆನೆಯಂತೆ ಸುಲಿದು ಬಂತು. ಕೊನೆಗೆ ಎರಡು ಕಬ್ಬಿಣದ ಪಟ್ಟಿ ಬಡಿದು ಕೊರಳು ನಿಲ್ಲಿಸಿ, ನಿಲ್ಲುವುದೇನೋ ನಿಲ್ಲುತ್ತದೆ ಎಂದ.

ಮನೆಗೆ ತಂದು ತಂತಿ ಮೀಟಿದರೆ ನಾದ ಬುರುಡೆಗೆ ಇಳಿಯದೆ ಪಟ್ಟಿಯಲ್ಲೇ ಸಾಯುತ್ತಿತ್ತು. ಸಂಗಪ್ಪ ಅದನ್ನೇ ಹಿಡಿದು ಮಗಳ ಪದ ಎತ್ತಿಕೊಂಡ. ಸೋಮವ್ವ ಮೊದಲ ನುಡಿ ಮುಗಿಯುವತನಕ ಕೇಳಿದಳು.

"ಸಾಕು ಬಿಡ್ರಿ," ಎಂದಳು. ಸಿಟ್ಟಿನಿಂದಲ್ಲ.

ಅಂದಿನಿಂದ ಅವನು ಹಾಡಲಿಲ್ಲ. ಸಂಜೆ ಕಟ್ಟೆಯ ಮೇಲೆ ಕುಳಿತಿರುತ್ತಿದ್ದ, ಊಟಕ್ಕೆ ಕರೆ ಬರುವತನಕ. ಕರೆಯೆಂದರೆ ಒಳಗೆ ಅವಳು ನೆಲಕ್ಕೆ ತಾಟು ಇಡುವ ಸಪ್ಪಳ, ಅಷ್ಟೇ.