ಪಾಲಯ್ಯ ತಿದ್ದಿದ ವಂಶಪಟ

ಬುಧವಾರ ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಪಾಲಯ್ಯನ ಕುರಿರೊಪ್ಪದಲ್ಲಿ ನಲವತ್ತೊಂದನೆಯ ಕುರಿಯ ರಕ್ತ ತೆಗೆದದ್ದಾಯಿತು. ಕುರಿ ಒಂದು ಸಲ ಅರಚಿತು. ಪಾಲಯ್ಯ ಮೂರು ಸಲ ಅರಚಿದ.

"ಮೆಲ್ಲಗೆ ಹಿಡಿಯಲೇ ತಿಮ್ಮೇಶ! ಅದೇನು ನಿನ್ನ ಟ್ರ್ಯಾಕ್ಟರ್ ಸ್ಟೇರಿಂಗಾ?"

ಮಾರಿಕಣಿವೆಯ ಹಿನ್ನೀರಿನಿಂದ ಎರಡು ಮೈಲಿ ದೂರದ ಹಟ್ಟಿ ಅದು. ರಕ್ತ ತೆಗೆಯುತ್ತಿದ್ದವರು ಡಾಕ್ಟರ್ ಬಿಂದು, ಕುರಿಗಳ ಜೀನ್ ಅಧ್ಯಯನ ಮಾಡುವ ಪಶುವೈದ್ಯೆ. ಬಂಗಾಳದ ಒಂದು ಗಿಡ್ಡ ತಳಿಯ ಕುರಿಗಳಲ್ಲಿ ಅವಳಿ ಮರಿ ಹಾಕಿಸುವ ಜೀನ್ ಉಂಟು. ಅದು ಬೆರೆತ ಟಗರುಗಳು ಕೆಲವು ವರ್ಷಗಳ ಹಿಂದೆ ಈ ಕಡೆಗೂ ಬಂದಿದ್ದವು. ಆ ಜೀನ್ ಯಾವ ಮರಿಗೆ ದಾಟಿದೆ, ಯಾವುದಕ್ಕೆ ದಾಟಿಲ್ಲ ಎಂಬುದು ಬಿಂದು ಅವರಿಗೆ ಬೇಕಾಗಿತ್ತು. ಕೊಳವೆಗೆ ನಂಬರ್ ಅಂಟಿಸಿ, ಕುರಿಯ ಅಪ್ಪ ಅವ್ವ ಯಾರೆಂದು ಕೇಳಿ ಬರೆದುಕೊಳ್ಳುವುದು ಮಮತಾಳ ಕೆಲಸ. ಅವಳು ಪಾಲಯ್ಯನ ಮಗಳ ಮಗಳು, ಇಪ್ಪತ್ತೆರಡು ವರ್ಷದವಳು, ಪದವಿ ಮುಗಿಸಿ, ಊರಿನ ದನಕುರಿಗಳ ಆರೈಕೆ ನೋಡುವ ಪಂಚಾಯಿತಿಯ ಪಶುಸಖಿಯಾಗಿ ಒಂದು ವರ್ಷವಾಗಿತ್ತು.

"ಅಜ್ಜ, ಈ ಟಗರಿನ ಅಪ್ಪ?"

"ಹೊಸದುರ್ಗದ ಕೊಟ್ರೇಶನ ಮಂದೇದು. ಮೂತಿ ಮೇಲೆ ಕರಿ ಮಚ್ಚೆ ಇತ್ತು. ಇದರವ್ವ ನಮ್ಮ ಬಿಳಿಕಿವಿ. ಬಿಳಿಕಿವಿ ಅವ್ವ ಹೊಳಲ್ಕೆರೆ ಕಡೇದು. ಅದರ ಅಪ್ಪನ್ನೂ ಹೇಳ್ಳಾ, ಸಾಕಾ?"

"ಸಾಕು, ಜಾಗ ಇಲ್ಲ."

"ಜಾಗ ಇಲ್ಲದ ಪುಸ್ತಕ ಯಾಕೆ ತರ್ತೀಯ?"

ಪಾಲಯ್ಯನಿಗೆ ಎಪ್ಪತ್ತಮೂರು. ಓದಿದ್ದು ಮೂರನೆಯ ಕ್ಲಾಸು. ನೂರಾ ಎಂಟು ಕುರಿಗಳ ಐದು ತಲೆಮಾರು ಬಾಯಲ್ಲಿತ್ತು. ಯಾರಾದರೂ ಒಂದು ಮರಿಯ ಅವ್ವನನ್ನು ತಪ್ಪಾಗಿ ಹೇಳಿದರೆ, ಊಟ ಅರ್ಧಕ್ಕೆ ಬಿಟ್ಟು ಎದ್ದು ಬಂದು ತಿದ್ದುತ್ತಿದ್ದ. ಮೂರು ದಿನದಿಂದ ಇದನ್ನೆಲ್ಲ ಕೇಳುತ್ತಿದ್ದ ಬಿಂದು, ತಾವು ಕಂಡ ಸರ್ಕಾರಿ ಕುರಿ ಫಾರಂಗಳ ದಾಖಲೆಗಿಂತ ಈ ಮುದುಕನ ಮಾತು ಗಟ್ಟಿ ಎಂದು ಒಪ್ಪಿಕೊಂಡಿದ್ದರು. ಪಾಲಯ್ಯ ಆ ಮಾತನ್ನು ಹಟ್ಟಿಯಲ್ಲಿ ಇಪ್ಪತ್ತು ಜನಕ್ಕಾದರೂ ಹೇಳಿದ್ದ.

"ಮಚ್ಚೆ ಟಗರು ಅಷ್ಟು ಚೆನ್ನಾಗಿತ್ತು ಅಂತೀರಿ. ಮತ್ತೆ ವಾಪಸ್ ಯಾಕೆ ಕೊಟ್ರಿ?" ಎಂದು ಬಿಂದು ಕೇಳಿದರು.

"ಎರಡು ವರ್ಷ ಆತಲ್ರಿ. ಅದರ ಮಕ್ಕಳೇ ಬೆದೆಗೆ ಬರ್ತಾವೆ. ಅದಕ್ಕೇ ಕೊಟ್ರೇಶನ ಟಗರು ನನಗೆ, ನನ್ನ ಟಗರು ಕೊಟ್ರೇಶಗೆ. ನಮ್ಮಪ್ಪನ ಕಾಲದಿಂದ ಹಿಂಗೇ. ಒಳಗಿಂದೊಳಗೇ ಬಿಟ್ರೆ ಮಂದೆ ಸೊರಗ್ತದೆ, ಕುಂಟು ಹುಟ್ತಾವೆ, ಕುರುಡು ಹುಟ್ತಾವೆ. ನಾನು ಅಣ್ಣ ತಂಗಿ ಬಿಡಲ್ಲ, ಅಪ್ಪ ಮಗಳು ಬಿಡಲ್ಲ, ಅಕ್ಕನ ಮಗಳ ಮೇಲೆ ತಮ್ಮನ್ನೂ ಬಿಡಲ್ಲ."

ಮಮತಾಳ ಪೆನ್ನು ನಿಂತಿತು. ಕುರಿ ಹಿಡಿದಿದ್ದ ತಿಮ್ಮೇಶನ ಕೈ ಸಡಿಲಿತು. ಕುರಿ ಓಡಿಹೋಯಿತು.

ಟ್ರ್ಯಾಕ್ಟರ್ ಓಡಿಸುವ ತಿಮ್ಮೇಶ್ ಪಾಲಯ್ಯನ ಕಿರಿಮಗ, ಮಮತಾಳ ತಾಯಿ ಜಯಶೀಲಾಳ ತಮ್ಮ. ಶುಕ್ರವಾರ ಹನ್ನೊಂದು ಗಂಟೆಗೆ ಮಮತಾಳಿಗೂ ಅವನಿಗೂ ವೀಳ್ಯಶಾಸ್ತ್ರ. ಹೊಸದುರ್ಗದ ನೆಂಟರಿಗೆ ಹೇಳಿಯಾಗಿತ್ತು. ಜಯಶೀಲಾ ಮತ್ತು ಅವಳ ಗಂಡ ಕನಕರಾಜ್ ಸೀರೆ ತರಲು ಬೆಳಗಿನ ಬಸ್ಸಿಗೇ ಹಿರಿಯೂರಿಗೆ ಹೋಗಿದ್ದರು. ಮಮತಾಳ ಅಣ್ಣ ರಂಗೇಶ್ ಚಿತ್ರದುರ್ಗದ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್. ಜೋಡಿಯ ಫೋಟೋ ಹಾಕಿ, ಸುತ್ತ ಗುಲಾಬಿ ಸುರಿಸಿ, ಎಂಟಡಿ ಫ್ಲೆಕ್ಸ್ ಮಾಡಿಕೊಂಡು ಹಿಂದಿನ ದಿನವೇ ಬಂದಿಳಿದಿದ್ದ.

ಮಮತಾಳಿಗೆ ಈ ಮದುವೆ ಬೇಡವಾಗಿತ್ತು. ತಿಮ್ಮೇಶನ ಹೆಗಲ ಮೇಲೆ ಕೂತು ಅಂಗನವಾಡಿಗೆ ಹೋದವಳು ಅವಳು. ಆ ಹೆಗಲ ಮೇಲೆ ಒಮ್ಮೆ ವಾಂತಿಯನ್ನೂ ಮಾಡಿದ್ದಳು, ಅದನ್ನು ಅವನು ಇನ್ನೂ ಮರೆತಿರಲಿಲ್ಲ. ಅವನಿಗೂ ಬೇಡವಾಗಿತ್ತು. ಒಂದು ತಿಂಗಳಿಂದ ಇಬ್ಬರ ನಡುವೆ ನಡೆದ ಮಾತು ಇಷ್ಟೇ:

"ಮಾವ, ನೀನೇ ಹೇಳು ಅಜ್ಜಂಗೆ."

"ನಿನ್ನ ಮೇಲೆ ಪ್ರೀತಿ ಜಾಸ್ತಿ. ನೀನೇ ಹೇಳು."

"ನೀನು ಗಂಡಸಲ್ವಾ?"

"ಅಪ್ಪನ ಮುಂದೆ ಅಲ್ಲ."

ತಿಂಡಿಗೆ ಎಲ್ಲರೂ ಜಗಲಿಗೆ ಬಂದರು. ಪಾಲಯ್ಯನ ಹೆಂಡತಿ ಕಾಳಕ್ಕ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟಳು. ರಂಗೇಶ್ ಮತ್ತು ಪಾಲಯ್ಯನ ತಮ್ಮ ಜುಂಜಪ್ಪ ಗೋಡೆಗೆ ಒರಗಿ ಕೂತು ಕೈಯಲ್ಲೇ ಹರಟುತ್ತಿದ್ದರು. ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳಿಸದು. ಮನೆಯವರೆಲ್ಲರಿಗೂ ಆ ಕೈಭಾಷೆ ಬರುತ್ತಿತ್ತು. ಅದರಲ್ಲಿ ಮೀಸೆ ತಿರುವಿದರೆ ಪಾಲಯ್ಯ, ಸ್ಟೇರಿಂಗ್ ತಿರುಗಿಸಿದರೆ ತಿಮ್ಮೇಶ್. ಅಂದು ಮೀಸೆ ಬಹಳ ಸಲ ತಿರುಗುತ್ತಿತ್ತು, ಇಬ್ಬರೂ ನಗುತ್ತಿದ್ದರು.

ಇವತ್ತು ಆಗದಿದ್ದರೆ ಇನ್ನಿಲ್ಲ ಎಂದು ಮಮತಾ ಕುರಿಗೆ ಗುರುತು ಹಾಕುವ ನೀಲಿ ಸುಣ್ಣದ ಕಡ್ಡಿ ತೆಗೆದುಕೊಂಡು ಜಗಲಿಯ ಕಲ್ಲಿನ ಮೇಲೆ ಬರೆಯತೊಡಗಿದಳು. ಬಿಂದು ಕಲಿಸಿದ ರೀತಿ: ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ, ರೋಗವೋ ನ್ಯೂನತೆಯೋ ಇದ್ದವರಿಗೆ ಒಳಗೆಲ್ಲ ಬಣ್ಣ, ರಕ್ತಸಂಬಂಧದಲ್ಲಿ ಜೋಡಿಯಾದರೆ ನಡುವೆ ಎರಡು ಗೆರೆ. ಹೆಸರು ಬರೆಯಲಿಲ್ಲ.

"ಅಜ್ಜ, ಒಂದು ಮಂದೆ ಐತೆ. ಹೊಳಲ್ಕೆರೆ ಕಡೇದು. ಕೊನೇಲಿರೋ ಈ ಚೌಕನ್ನ ಈ ಸೊನ್ನೆ ಮೇಲೆ ಬಿಡಬಹುದಾ? ನೋಡಿ ಹೇಳು."

ಪಾಲಯ್ಯ ರೊಟ್ಟಿ ಅಗಿಯುತ್ತ ಬಗ್ಗಿದ. ಮೂರು ದಿನದಿಂದ ಇಂಥವನ್ನು ನೋಡಿ ನೋಡಿ ಅವನಿಗೆ ಓದಲು ಬಂದಿತ್ತು. ಅರ್ಧ ನಿಮಿಷವೂ ಆಗಲಿಲ್ಲ.

"ಹೊಳಲ್ಕೆರೆ ಮಂದೆನಾ ಇದು? ಈ ನೀಲಿ ಚೌಕ ನಮ್ಮ ಜುಂಜ. ಕೆಳಗಿನದು ರಂಗೇಶ. ಇದು ನಾನು. ನನ್ನ ಪಕ್ಕದಾಗೆ ಕಾಳಿ. ಇದು ನಮ್ಮನೆ ಕಣೆ."

ತಿಮ್ಮೇಶನ ಕೈಯಲ್ಲಿದ್ದ ಚಹಾ ಅವನ ಪಂಚೆಯ ಮೇಲೆ ಬಿತ್ತು. ಬಿಂದು ತಟ್ಟೆ ಕೆಳಗಿಟ್ಟರು. ಬೈಗುಳಕ್ಕೆ ಮಮತಾ ಸಿದ್ಧಳಾಗಿದ್ದಳು. ಬಂದದ್ದು ಬೇರೆಯೇ.

"ಮತ್ತೆ ತಪ್ಪು ಬರ್ದಿದೀಯಲ್ಲ!" ಎಂದ ಪಾಲಯ್ಯ. "ಇದನ್ನ ಕಲ್ಸಾಕೆ ಕಾಲೇಜು ಬೇಕಿತ್ತಾ? ನಮ್ಮವ್ವನ್ನ ಎಲ್ಲಿಂದಲೋ ತಂದು ಕೂರ್ಸಿದೀಯ, ಒಂದೇ ಗೆರೆ ಹಾಕಿದೀಯ. ನಮ್ಮವ್ವ ಯಾರು? ನಮ್ಮಪ್ಪನ ಖಾಸಾ ಅಕ್ಕನ ಮಗಳು. ಕೊಡಿಲ್ಲಿ ಕಡ್ಡಿ."

ಅವನೇ ಎರಡನೆಯ ಗೆರೆ ಎಳೆದ. ಮಮತಾ ಬರೆದದ್ದರಲ್ಲಿ ಜೋಡಿಗೆರೆ ಎರಡಿದ್ದವು: ಪಾಲಯ್ಯ ತನ್ನ ಅಕ್ಕನ ಮಗಳು ಕಾಳಕ್ಕನನ್ನು ಮದುವೆಯಾದದ್ದು ಒಂದು; ಕಾಳಕ್ಕನ ತಮ್ಮ ಕನಕರಾಜನಿಗೆ ಅವಳ ಮಗಳು ಜಯಶೀಲಾಳನ್ನೇ ಕೊಟ್ಟದ್ದು ಇನ್ನೊಂದು. ಈಗ ಮೂರಾದವು.

"ನಮ್ಮಕ್ಕನ್ನ ಕೊಟ್ಟಿದ್ದು ಯಾರಿಗೆ? ನಮ್ಮವ್ವನ ತಮ್ಮಗೆ. ಅದನ್ನೂ ಬಿಟ್ಟಿದೀಯ." ನಾಲ್ಕಾದವು. "ಕಾಳಿ, ನಿನ್ನ ದೊಡ್ಡಣ್ಣ ಇದ್ನಲ್ಲ, ಎಂಟು ವರ್ಷಕ್ಕೆ ಜ್ವರ ಬಂದು ತೀರ್ಕಂಡೋನು. ಅವನಿಗೂ ಕೇಳ್ತಿರಲಿಲ್ಲ ಅಲ್ಲೇನೆ?"

"ಇಲ್ಲ. ಹಸು ಹಾಯಾಕೆ ಬಂದ್ರೂ ತಿರುಗ್ತಿರಲಿಲ್ಲ," ಎಂದಳು ಕಾಳಕ್ಕ ಒಳಗಿನಿಂದಲೇ.

ಪಾಲಯ್ಯ ಒಂದು ಚೌಕ ಸೇರಿಸಿ ಒಳಗೆ ನೀಲಿ ತುಂಬಿದ. ಗಡಿಗೆರೆಯಿಂದ ಆಚೆ ಹೋಗದಂತೆ ನಿಧಾನವಾಗಿ ತುಂಬಿದ. ಆಮೇಲೆ ತನ್ನ ಅವ್ವನ ತಂಗಿ ಗಿರಿಯವ್ವನಿಗೆ ಒಂದು ಸೊನ್ನೆ ಹಾಕಿ ಖಾಲಿ ಬಿಟ್ಟ.

ಜುಂಜಪ್ಪ ಎದ್ದು ಬಂದ. ಸೊನ್ನೆಯ ಮೇಲೆ ಬೆರಳಿಟ್ಟು, ಯಾರು ಎಂದು ಕೈಯಲ್ಲಿ ಕೇಳಿದ. ಪಾಲಯ್ಯ ಮೂಗಿನ ಪಕ್ಕಕ್ಕೆ ಬೆರಳಿಟ್ಟು ಮೂಗುತಿ ಎಂದ, ಗಿರಿಯವ್ವನ ಗುರುತು ಅದು. ಜುಂಜಪ್ಪ ತಲೆ ಅಲ್ಲಾಡಿಸಿ ತನ್ನ ಕಿವಿ ಮುಟ್ಟಿ ಅಂಗೈ ಮಗುಚಿದ: ಅವಳಿಗೂ ಕೇಳುತ್ತಿರಲಿಲ್ಲ.

"ಅವಳಿಗೆ ಕೇಳ್ತಿತ್ತು. ಹಟಮಾರಿ. ಕರೆದ್ರೆ ಬರ್ತಿರಲಿಲ್ಲ, ಅಷ್ಟೇ," ಎಂದ ಪಾಲಯ್ಯ, ಬಾಯಲ್ಲೂ ಕೈಯಲ್ಲೂ.

ಜುಂಜಪ್ಪ ತಾನು ಮೊಣಕಾಲೆತ್ತರ ಇದ್ದಾಗಿನದನ್ನು ತೋರಿಸಿದ. ನೀರು ಎಂದ, ಕುರಿ ಎಂದ, ಹಸಿವು ಎಂದ, ಪ್ರತಿ ಸಲವೂ ಆ ಸೊನ್ನೆಯ ಕಡೆಗೆ ಬೆರಳು ಮಾಡಿದ. ಈ ಮನೆಯ ಕೈಭಾಷೆ ತನ್ನದಲ್ಲ, ಗಿರಿಯವ್ವನದು. ಅವಳೇ ತನಗೆ ಕಲಿಸಿದ್ದು ಎಂದು ಅವನು ಹೇಳುತ್ತಿದ್ದ. ಎಪ್ಪತ್ತು ವರ್ಷದಲ್ಲಿ ಅದನ್ನು ಅವನನ್ನು ಯಾರೂ ಕೇಳಿರಲಿಲ್ಲ.

ಪಾಲಯ್ಯ ಮತ್ತೆ ಬಗ್ಗಿದ. ಆ ಸೊನ್ನೆಗೂ ನೀಲಿ ತುಂಬಿದ.

"ಈಗ ಸರಿ ಐತೆ," ಎಂದು ಹಿಂದೆ ಸರಿದು ನೋಡಿದ. ನೋಡುತ್ತ ನೋಡುತ್ತ ಅವನ ಮುಖದ ಸಂತೋಷ ಇಳಿಯಿತು. ನಾಲ್ಕು ಜೋಡಿಗೆರೆ, ನಾಲ್ಕು ನೀಲಿ ಗುರುತು.

"ಡಾಕ್ಟ್ರೆ, ಇದರ ಅರ್ಥ ಏನ್ರಿ?"

"ನಾನು ಕುರಿ ಡಾಕ್ಟರು, ಅಜ್ಜ," ಎಂದರು ಬಿಂದು. "ಪ್ರತಿ ಜೀನೂ ಎರಡು ಪ್ರತಿ ಇರ್ತದೆ. ಅಪ್ಪನಿಂದ ಒಂದು, ಅವ್ವನಿಂದ ಒಂದು. ಇಂಥ ಕಿವುಡಿನಲ್ಲಿ ಸಾಮಾನ್ಯವಾಗಿ ಒಂದು ಪ್ರತಿ ಕೆಟ್ಟಿದ್ರೂ ಇನ್ನೊಂದು ನಿಭಾಯಿಸ್ತದೆ. ಎರಡೂ ಕೆಟ್ಟರೆ ಮಾತ್ರ ಕೇಳಲ್ಲ. ಒಂದೇ ಮನೆಯೊಳಗೆ ಕೊಟ್ಟು ತಂದರೆ ಅದೇ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬರೋ ಸಾಧ್ಯತೆ ಹೆಚ್ಚು."

"ಬಿಳಿ ಅಪ್ಪ ಬಿಳಿ ಅವ್ವಗೆ ಕರಿ ಮರಿ ಹುಟ್ಟಿದಂಗೆ."

"ಹಾಗೇ. ಆದರೆ ಕಿವುಡಿಗೆ ಬೇರೆ ಕಾರಣಗಳೂ ಅವೆ. ಪರೀಕ್ಷೆ ಮಾಡದೆ ನಾನು ಖಂಡಿತ ಅಂತ ಹೇಳೋದಿಲ್ಲ."

ಆಗ ರಂಗೇಶ್ ಎದ್ದು ತಂಗಿಯ ಎದುರಿಗೆ ಬಂದು ನಿಂತ. ಅವನ ಕೈಗಳು ಬಿರುಸಾಗಿ ಆಡಿದವು. ನನ್ನನ್ನು ಯಾಕೆ ನೀಲಿ ಮಾಡಿದೆ? ನನಗೆ ಕೆಲಸ ಇದೆ, ಬೈಕ್ ಇದೆ, ನಿನಗಿಂತ ಚೆನ್ನಾಗಿ ಕನ್ನಡ ಬರೆಯುತ್ತೇನೆ. ನನ್ನಂಥ ಮಗು ಹುಟ್ಟಿದರೆ ನಿನಗೇನು ಅವಮಾನವಾ?

"ಅಲ್ಲ," ಎಂದು ಕೈಯಲ್ಲಿ ಹೇಳಿದಳು ಮಮತಾ. ಮುಖ ಕೆಂಪಾಗಿತ್ತು.

ಮತ್ತೆ? ಸ್ಟೇರಿಂಗ್ ಬೇಡ ಅಂದರೆ ಸ್ಟೇರಿಂಗ್ ಬೇಡ ಅನ್ನು. ನನ್ನ ಕಿವಿ ಹಿಡಿದು ಯಾಕೆ ಎಳೀತೀಯ?

ತಿಮ್ಮೇಶ್ ಕೆಳಗೆ ನೋಡಿದ. ಜುಂಜಪ್ಪ ನಕ್ಕುಬಿಟ್ಟ. ಮಮತಾ ಅಜ್ಜನ ಕಡೆ ತಿರುಗಿದಳು.

"ಅಜ್ಜ, ಅಣ್ಣ ಹೇಳೋದು ಸರಿ. ಜೀನ್ ಮಾತು ಸುಳ್ಳಲ್ಲ, ಆದ್ರೆ ನಾನು ಅದರ ಹಿಂದೆ ಬಚ್ಚಿಟ್ಕಂಡಿದ್ದೂ ಸುಳ್ಳಲ್ಲ. ನನಗೆ ಮಾವ ಮಾವ ಆಗೇ ಇರಲಿ. ಗಂಡ ಬ್ಯಾಡ."

ಪಾಲಯ್ಯ ಮಗನನ್ನು ನೋಡಿದ.

"ನೀನೇನಂತೀಯಲೇ?"

"ನನಗೂ ಬ್ಯಾಡಪ್ಪ."

"ಒಂದು ತಿಂಗಳಿಂದ ಬಾಯಾಗೆ ಏನು ಇಟ್ಕಂಡಿದ್ದೆ?"

"ನಿಮ್ಮ ಹೆದರಿಕೆ."

"ಕೊಟ್ಟ ಮಾತು ಏನಾಗ್ಬೇಕು? ಹೊಸದುರ್ಗದೋರಿಗೆ ಏನಂತ ಹೇಳಲಿ? ಮನುಷ್ಯರು ಕುರಿ ಏನ್ರೋ? ನಾಲ್ಕು ತಲೆಮಾರು ಹಿಂಗೇ ಬಂದೈತೆ, ಮನೆ ಮುಳುಗ್ತಾ?"

ಮಮತಾ ಸುಣ್ಣದ ಕಡ್ಡಿಯನ್ನು ಅವನ ಕಡೆ ಚಾಚಿದಳು. "ಹಂಗಾದ್ರೆ ಪಟ ಪೂರ್ತಿ ಮಾಡಿಬಿಡಜ್ಜ. ನಾನು, ಮಾವ. ನಡುವೆ ಎರಡು ಗೆರೆ. ಐದನೇದು. ನೀನೇ ಎಳಿ."

ಪಾಲಯ್ಯ ಕಡ್ಡಿ ತೆಗೆದುಕೊಂಡ. ಬಗ್ಗಿದ. ಒಂದು ಗೆರೆ ಎಳೆದ. ಎರಡನೆಯದಕ್ಕೆ ಕಡ್ಡಿ ಕಲ್ಲಿಗೆ ತಾಗಿತು, ಮುಂದಕ್ಕೆ ಹೋಗಲಿಲ್ಲ. ಐವತ್ತೈದು ವರ್ಷದಿಂದ ಅವನ ಮಂದೆಯಲ್ಲಿ ಇಂಥ ಗೆರೆ ಒಂದೂ ಬಿದ್ದಿರಲಿಲ್ಲ. ಹೋದ ವರ್ಷ ರಾತ್ರಿ ಬೇಲಿ ಹಾರಿ ಅಕ್ಕನ ಮಗಳ ಬಳಿ ಹೋದ ಒಂದು ಟಗರನ್ನು ಮರುದಿನವೇ ಚಳ್ಳಕೆರೆ ಸಂತೆಗೆ ಅಟ್ಟಿದ್ದ.

ಕಾಳಕ್ಕ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು.

"ಏನ್ ಯೋಚ್ನೆ ಮಾಡ್ತೀರಿ?" ಎಂದಳು. "ಕೊಟ್ರೇಶನ ಟಗರು ತರೋವಾಗ ಅದರ ಹಲ್ಲು ನೋಡ್ತೀರಿ, ಕಾಲು ನೋಡ್ತೀರಿ, ನಾಲ್ಕು ದಿನ ರೊಪ್ಪದಾಗೆ ಕಟ್ಟಿ ಹೊಂದ್ತದಾ ಅಂತ ನೋಡ್ತೀರಿ. ನನ್ನ ಮದುವೆ ಗೊತ್ತು ಮಾಡಿದ ದಿನ ನಾನು ಹೊಲದಾಗೆ ಕಳೆ ತೆಗೀತಿದ್ದೆ. ಸಂಜೆ ಮನೆಗೆ ಬಂದಾಗ ಹೇಳಿದ್ರು."

"ನಿನಗೆ ನಾನು ಬ್ಯಾಡ ಆಗಿದ್ನಾ?"

"ಕೇಳಿದ್ರೆ ತಾನೆ ಗೊತ್ತಾಗೋದು? ಆ ಮೀಸೆ ಬ್ಯಾಡ ಅಂತಿದ್ದೆ."

ಬಿಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಜುಂಜಪ್ಪನಿಗೆ ಮಾತು ಕೇಳಿಸದಿದ್ದರೂ ಅಣ್ಣನ ಮುಖ ನೋಡಿಯೇ ಅರ್ಥವಾಗಿ ಮತ್ತೆ ನಕ್ಕ. ಪಾಲಯ್ಯ ಕೈಯಲ್ಲಿದ್ದ ಕಡ್ಡಿಯನ್ನು ನೋಡಿದ, ಅಂಗೈಯಿಂದ ಆ ಒಂದು ಗೆರೆಯನ್ನು ಉಜ್ಜಿ ಅಳಿಸಿದ.

"ಉಳಿದಿದ್ದನ್ನ ಯಾರೂ ಅಳಿಸ್ಬ್ಯಾಡ್ರಿ," ಎಂದ. "ಅದು ಸರಿ ಐತೆ."

ಆಮೇಲೆ ಫೋನ್ ಕೇಳಿದ. ಹೊಸದುರ್ಗದ ನೆಂಟರ ಜೊತೆ ಇಪ್ಪತ್ತು ನಿಮಿಷ ಜಗಳವಾಡಿದ. ಹಿರಿಯೂರಿನಲ್ಲಿದ್ದ ಜಯಶೀಲಾಳಿಗೆ ಸೀರೆ ತರಬೇಡವೆಂದ; ತಂದಾಗಿದೆ ಎಂದಾಗ, ಹಾಗಾದರೆ ನೀನೇ ಉಟ್ಟುಕೋ ಎಂದ.

ಶುಕ್ರವಾರ ವೀಳ್ಯಶಾಸ್ತ್ರ ನಡೆಯಲಿಲ್ಲ. ಮುಂದಿನ ಸೋಮವಾರ ಮನೆಯ ಎಂಟು ಜನರೂ ಬಿಂದು ಸೂಚಿಸಿದ ವಂಶವಾಹಿ ತಜ್ಞೆಯ ಬಳಿಗೆ ದಾವಣಗೆರೆಗೆ ಹೋಗಿ ರಕ್ತ ಕೊಟ್ಟರು. ವರದಿ ಬರಲು ಐದು ವಾರ ಹಿಡಿಯಿತು. ಜುಂಜಪ್ಪ ಮತ್ತು ರಂಗೇಶನಲ್ಲಿ ಒಂದೇ ಜೀನಿನ ಎರಡೂ ಪ್ರತಿ ಕೆಟ್ಟಿದ್ದವು. ಪಾಲಯ್ಯ, ಕನಕರಾಜ್, ಜಯಶೀಲಾ, ತಿಮ್ಮೇಶ್, ಮಮತಾ, ಈ ಐವರಲ್ಲಿ ಒಂದೊಂದು ಪ್ರತಿ ಕೆಟ್ಟಿತ್ತು; ಮಮತಾಳಿಗೂ ತಿಮ್ಮೇಶನಿಗೂ ಮದುವೆಯಾಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ಎರಡೂ ಕೆಟ್ಟ ಪ್ರತಿ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕಾಳಕ್ಕನಲ್ಲಿ ಎರಡೂ ಸರಿಯಾಗಿದ್ದವು.