ಮೈದಾನದ ಮೇಲೆ ಎರಡು ಸುತ್ತು

ಚಾಮರಾಜಪೇಟೆಯ ಬಟ್ಟೆ ವ್ಯಾಪಾರಿ ಶಿವರುದ್ರಪ್ಪನವರ ಮಗಳು ಶಿವರಂಜಿನಿ ಹೆಲಿಕಾಪ್ಟರ್ ಹಾರಿಸಲು ತೊಡಗಿ ಹನ್ನೊಂದು ವರ್ಷವಾಗಿತ್ತು. ಯಾತ್ರಿಕರನ್ನು ಹಿಮಾಲಯಕ್ಕೆ ಹೊತ್ತೊಯ್ದಿದ್ದಳು, ಕಡಲ ನಡುವಿನ ಎಣ್ಣೆಬಾವಿಗಳಿಗೆ ಕೆಲಸಗಾರರನ್ನು ಇಳಿಸಿದ್ದಳು. ಅಪ್ಪ ಮಾತ್ರ ಅವಳು ಹಾರಿಸುವುದನ್ನು ಒಮ್ಮೆಯೂ ನೋಡಿರಲಿಲ್ಲ. ಕೇಳಿದರೆ, ಅಂಗಡಿ ಬಿಟ್ಟು ಬರಲಾಗದು ಎನ್ನುತ್ತಿದ್ದರು. ಈ ಚುನಾವಣೆಯಲ್ಲಿ ನಾಯಕರೊಬ್ಬರನ್ನು ಬಸವನಗುಡಿಯ ಮೈದಾನದಲ್ಲೇ ಇಳಿಸುವ ಕೆಲಸ ಬಂದಾಗ, ಅಂಗಡಿಗೆ ಬೀಗ ಹಾಕಿ ತಾವಾಗಿಯೇ ಹೋಗಿ ಬೇಲಿಯ ಬಳಿ ನಿಂತರು.

ಹೆಲಿಕಾಪ್ಟರ್ ಮೈದಾನದ ಮೇಲೆ ಬಂದು ಕೆಳಗಿಳಿಯುತ್ತಿದ್ದಂತೆ ಕೆಂಧೂಳು ಎದ್ದಿತು. ಧೂಳೇಳದಂತೆ ನೀರು ಹೊಡೆಸುತ್ತೇವೆಂದಿದ್ದ ಸಂಘಟಕರು ಹೊಡೆಸಿರಲಿಲ್ಲ. ಆ ಧೂಳಿನೊಳಗಿಂದ ಶಾಮಿಯಾನದ ಬಟ್ಟೆಯೊಂದು ಹಗ್ಗ ಕಿತ್ತುಕೊಂಡು ಮೇಲೆದ್ದಿತು. ಅದು ರೆಕ್ಕೆಗೆ ಸುತ್ತಿಕೊಂಡರೆ ಯಾರೂ ಉಳಿಯುವಂತಿರಲಿಲ್ಲ. ಶಿವರಂಜಿನಿ ತಟ್ಟನೆ ಯಂತ್ರವನ್ನು ಮೇಲಕ್ಕೆತ್ತಿದಳು.

"ಏನಾಯ್ತು ಮೇಡಂ?" ಹಿಂದೆ ಕೂತಿದ್ದ ನಾಯಕರ ಆಪ್ತ ವೇಣುಗೋಪಾಲ್ ಕೇಳಿದ.

"ಶಾಮಿಯಾನ ಕಿತ್ಕೊಂಡಿದೆ. ಬಿಗಿಯಾಗಿ ಕಟ್ಟಲಿ, ಇನ್ನೊಂದು ಸುತ್ತು ಹಾಕ್ತೀನಿ."

ಸಹ ಪೈಲಟ್ ನಿಶಾಂತ್ ಕೆಳಗಿನ ಪೊಲೀಸರಿಗೆ ವೈರ್‌ಲೆಸ್‌ನಲ್ಲಿ ಹೇಳಿದ. ಎರಡನೆಯ ಸಲ ಬರುವ ಹೊತ್ತಿಗೆ ಬಟ್ಟೆ ಕಟ್ಟಿದ್ದರು. ಆದರೆ ಬೇಲಿ ಮುರಿದಿತ್ತು. ಜನ ಇಳಿಯುವ ಜಾಗದತ್ತ ನುಗ್ಗುತ್ತಿದ್ದರು. ನೂರು ಅಡಿ ಎತ್ತರದಲ್ಲಿ ಅವಳು ಯಂತ್ರವನ್ನು ನಿಲ್ಲಿಸಿ ಹಿಡಿದಳು.

"ನೀವು ಇಳಿಸ್ತಾ ಬನ್ನಿ, ಅವರೇ ಸರೀತಾರೆ," ಎಂದ ವೇಣುಗೋಪಾಲ್.

ನಾಯಕರು ಮುಂದಕ್ಕೆ ಬಾಗಿದರು. "ನಿಮ್ಮೂರಲ್ಲೇ ಇಳಿಸೋಕೆ ಬರಲ್ವೇನಮ್ಮ ನಿನಗೆ?"

ನಿಶಾಂತ್ ಮೆಲ್ಲಗೆ ಹೇಳಿದ, "ಇನ್ನೊಂದು ಸುತ್ತಿಗೆ ಇಂಧನ ಸಾಲಲ್ಲ ಮೇಡಂ. ಈಗ ಇಳೀಬೇಕು, ಇಲ್ಲ ಹೋಗ್ಬೇಕು."

ಅವಳು ಕೆಳಗೆ ನೋಡಿದಳು. ಧೂಳಿನಲ್ಲಿ ತಲೆಗಳಷ್ಟೇ ಕಾಣುತ್ತಿದ್ದವು.

"ವಾಪಸ್ ಹೋಗ್ತಿದೀವಿ," ಎಂದಳು.

ಜಕ್ಕೂರಿನ ವಿಮಾನ ನಿಲ್ದಾಣದಲ್ಲಿ ಇಳಿದ ನಾಯಕರು ಅವಳತ್ತ ತಿರುಗಿಯೂ ನೋಡದೆ ಕಾರು ಹತ್ತಿದರು. ಮಧ್ಯಾಹ್ನದೊಳಗೆ ಕಂಪನಿಯಿಂದ ಫೋನ್ ಬಂತು: ನಾಳೆಯಿಂದ ಪ್ರಚಾರಕ್ಕೆ ಬೇರೆ ಪೈಲಟ್.

ಸಂಜೆ ಮನೆಗೆ ಬಂದಾಗ ಅಪ್ಪ ನಡುಮನೆಯಲ್ಲಿ ಕೂತಿದ್ದರು. ಬಿಳಿ ಅಂಗಿಯ ತುಂಬ ಕೆಂಪು ಮಣ್ಣು.

"ನೀನು ಇಳೀದೆ ಹೋದಾಗ ಜನ ಏನೇನೋ ಬೈದ್ರು," ಎಂದರು.

"ಗೊತ್ತು ಅಪ್ಪಾಜಿ."

"ಬೇಲಿ ಮುರಿದಾಗ ನನ್ನನ್ನೂ ತಳ್ಕೊಂಡು ಹೋದ್ರು ರಂಜು. ಇಳಿಯೋಕೆ ಅಂತ ಸುಣ್ಣದಲ್ಲಿ ಗೆರೆ ಹಾಕಿದ್ರಲ್ಲ, ಅದರೊಳಗೆ ಬಿದ್ದೆ. ಏಳೋಕಾಗ್ಲಿಲ್ಲ. ಮೇಲೆ ನೋಡಿದ್ರೆ ನೀನಿದ್ದೆ."

ಶಿವರಂಜಿನಿ ಅಪ್ಪನ ಎದುರು ನೆಲದ ಮೇಲೆ ಕೂತಳು.

"ನಾನು ನಿಮ್ಮನ್ನ ನೋಡ್ಲಿಲ್ಲ," ಎಂದಳು. "ಯಾರನ್ನೂ ಗುರುತು ಹಿಡಿಯೋಕಾಗ್ಲಿಲ್ಲ."

"ಹೌದಾ," ಎಂದರು ಶಿವರುದ್ರಪ್ಪ. ಅಂಗಿಯ ಮಣ್ಣು ಕೊಡವಿದರು. "ಕೆಲಸ ಹೋಯ್ತಾ?"

"ಪ್ರಚಾರದ್ದು ಹೋಯ್ತು. ಮುಂದಿನ ತಿಂಗಳು ಮತ್ತೆ ಸಮುದ್ರಕ್ಕೆ."

"ಅಲ್ಲಿ ಇಷ್ಟು ಜನ ಇರಲ್ಲ ಅಲ್ವಾ?"

"ಇಲ್ಲ. ಗಾಳಿ ಜಾಸ್ತಿ."

ಅವಳು ಎದ್ದು ಹತ್ತಿಯನ್ನೂ ಔಷಧವನ್ನೂ ತಂದಳು. ಅವರು ಅಂಗಿಯ ತೋಳು ಮಡಚಿ, ತರಚಿದ ಮೊಣಕೈಯನ್ನು ಅವಳ ಮುಂದೆ ಚಾಚಿದರು.