ನೀಲಿ ಹೆಜ್ಜೆ ಬಿದ್ದ ಮೂಲೆ

ಆ ಮನೆಯ ಅಡುಗೆಮನೆಯಲ್ಲಿ ಒಂದು ಖಾಲಿ ಮೂಲೆ ಇತ್ತು. ಒಲೆಯ ಎಡಕ್ಕೆ, ಕಿಟಕಿಯ ಪಕ್ಕದಲ್ಲಿ, ಬಾಗಿಲಿಗೆ ನೇರ ಎದುರಾಗಿ, ಎರಡು ಮೊಳ ಉದ್ದ, ಎರಡು ಮೊಳ ಅಗಲದ ಜಾಗ. ಅಲ್ಲೊಂದು ಡಬ್ಬಿ ಇರಲಿಲ್ಲ, ಗೋಡೆಗೊಂದು ಮೊಳೆ ಇರಲಿಲ್ಲ. ಹತ್ತೊಂಬತ್ತು ವರ್ಷ ಆ ಮನೆಯ ಅನ್ನ ಉಂಡ ಹುಡುಗಿಗೆ ಆ ಮೂಲೆ ಕಣ್ಣಿಗೆ ಬಿದ್ದದ್ದು ಮಾತ್ರ ಮೊನ್ನೆ ಮೊನ್ನೆ, ಕೈಯಲ್ಲಿ ಪೆನ್ಸಿಲು ಹಿಡಿದಾಗ.

ಅವಳದು ಪತ್ರಿಕೆಯಲ್ಲಿ ಪುಟ ಕಟ್ಟುವ ಕೆಲಸ. ಅದರಲ್ಲೂ ಸಣ್ಣ ಜಾಹೀರಾತುಗಳ ಪುಟ. ಮನೆ ಬಾಡಿಗೆಗೆ ಇದೆ, ನಾಯಿ ಕಳೆದಿದೆ, ಹಳೆಯ ಸೈಕಲ್ಲು ಕೊಳ್ಳುವವರು ಬೇಕಾಗಿದ್ದಾರೆ. ಇಂಥ ನೂರು ಚೌಕಗಳನ್ನು ಒಂದರ ಪಕ್ಕ ಒಂದು ಕೂರಿಸಬೇಕು. ಒಂದು ಬೆರಳಗಲ ಬಿಳಿ ಉಳಿದರೂ ಮೇಲಿನವರ ಹುಬ್ಬು ಗಂಟಾಗುತ್ತಿತ್ತು. ಐದು ವರ್ಷ ಇದನ್ನೇ ಮಾಡಿ ಮಾಡಿ ಅವಳ ಕಣ್ಣಿಗೆ ಖಾಲಿ ಜಾಗವೆಂದರೆ ತಪ್ಪು ಎಂದೇ ಕಾಣುತ್ತಿತ್ತು. ಊಟದ ತಟ್ಟೆಯಲ್ಲಿ ಬಿಳಿ ಕಂಡರೂ ಅಲ್ಲಿಗೊಂದು ಚಮಚ ಪಲ್ಯ ಸರಿಸುತ್ತಿದ್ದಳು.

ಏಳು ವರ್ಷದವಳಿದ್ದಾಗ ಒಂದು ತಿಂಗಳಿಗೆಂದು ಚಿಕ್ಕಮ್ಮನ ಮನೆಗೆ ಬಂದಿದ್ದಳು, ಆ ತಿಂಗಳು ಮುಗಿಯಲೇ ಇಲ್ಲ. ಚಿಕ್ಕಮ್ಮ ಅವಳನ್ನು ಎತ್ತಿ ಆಡಿಸಿದ್ದಕ್ಕಿಂತ ಉಣ್ಣಿಸಿ ಬೆಳೆಸಿದ್ದೇ ಹೆಚ್ಚು. ಈಗ ಸಂಬಳ ಕೈಗೆ ಬರುವ ಕಾಲಕ್ಕೆ, ಚಿಕ್ಕಮ್ಮನಿಗೆ ಒಂದು ಹೊಸ ಅಡುಗೆಮನೆ ಮಾಡಿಸಿಕೊಡಬೇಕೆಂಬ ಹುಚ್ಚು ಅವಳಿಗೆ ಹಿಡಿದಿತ್ತು. ಕಥೆಯ ರಾಜಕುಮಾರ ಏಳು ಸಮುದ್ರ ದಾಟಿ ಹೂ ತರುವಂತೆ, ಅವಳು ಒಂದು ಅಡುಗೆಮನೆ ತರಬೇಕು. ಬಾಗಿಲು ತೆಗೆದ ಕೂಡಲೇ ಚಿಕ್ಕಮ್ಮನ ಮುಖ ಅರಳಬೇಕು. ಅಷ್ಟೇ ಅವಳಿಗೆ ಬೇಕಾದದ್ದು.

ಆದರೆ ಚಿಕ್ಕಮ್ಮನ ಬಾಯಿಂದ ಒಂದು ಆಸೆ ಹೊರಡಿಸುವುದೆಂದರೆ ಕಲ್ಲಿನಿಂದ ನೀರು ಹಿಂಡಿದ ಹಾಗೆ.

"ಚಿಕ್ಕಮ್ಮಾ, ಟೈಲ್ಸ್ ಬೂದು ಬಣ್ಣ ಹಾಕಿಸ್ಲಾ?"

"ಹಾಕಿಸು ಮರೀ."

"ಇಲ್ಲಾ ಬಿಳೀದು?"

"ಅದೂ ಚೆನ್ನಾಗಿರುತ್ತೆ."

"ಯಾವ್ದಾದ್ರೂ ಒಂದು ಹೇಳು ಅಂದ್ರೆ!"

"ನೀನು ಓದ್ದೋಳು, ನಿಂಗೆ ಗೊತ್ತಾಗುತ್ತೆ. ಸೊಪ್ಪು ಬಿಡಿಸ್ಕೊಡು ಬಾ."

ಚಿಕ್ಕಪ್ಪ ಗಡಿಯಾರ ರಿಪೇರಿ ಮಾಡುವವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಳಕೋಣೆಯಿಂದಲೇ ನಕ್ಕರು. "ಎಡಿಟರಮ್ಮಾ, ಮೂವತ್ತು ವರ್ಷದಿಂದ ನಾನೂ ಕೇಳ್ತಾ ಇದೀನಿ ಕಣೇ. ಇವಳಿಗೆ ಯಾವ ಸೀರೆ ಇಷ್ಟ ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ."

ಚಿಕ್ಕಮ್ಮ ಹೇಳದಿದ್ದರೇನು, ಹೇಳುವವರಿಗೆ ಬರವೇ? ಪಕ್ಕದ ಮನೆಯಾಕೆ ಗೋಡೆ ಒಡೆಸಿಬಿಡು ಅಂದರು. ಕಚೇರಿಯಲ್ಲಿ ತಪ್ಪು ತಿದ್ದುವ ಮೇಷ್ಟ್ರು ಗೋಡೆ ಮುಟ್ಟಬೇಡ, ಹೊಗೆಯೆಲ್ಲ ನಡುಮನೆಗೆ ಬರುತ್ತೆ ಅಂದರು. ಟೈಲ್ಸ್ ಅಂಗಡಿಯವನು ತನ್ನ ಹೆಂಡತಿಯೂ ಇದನ್ನೇ ಹಾಕಿಸಿಕೊಂಡಿದ್ದಾಳೆಂದು ನಾಲ್ಕು ಬೇರೆ ಬೇರೆ ಟೈಲ್ಸ್ ತೋರಿಸಿ ಆಣೆ ಮಾಡಿದ. ಹುಡುಗಿ ಎಲ್ಲರ ಮಾತನ್ನೂ ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಕೊನೆಗೆ ತನಗೆ ತಿಳಿದ ರೀತಿಯಲ್ಲೇ ನಕ್ಷೆ ಬರೆದಳು. ಚೌಕದ ಪಕ್ಕ ಚೌಕ, ಅಚ್ಚುಕಟ್ಟು. ಆ ಖಾಲಿ ಮೂಲೆಯಲ್ಲಿ ನೆಲದಿಂದ ಸೂರಿನವರೆಗೆ ಒಂದು ಎತ್ತರದ ಬೀರು. ಅದನ್ನು ಬರೆದಾಗ ಅವಳಿಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ಚಿಕ್ಕಮ್ಮ ನಕ್ಷೆಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಬೀರುವಿನ ಚೌಕದ ಮೇಲೆ ಬೆರಳಾಡಿಸಿದರು. "ಎಷ್ಟು ಚೆಂದ ಬರ್ದಿದ್ದೀಯೇ," ಅಂದರು. ನಕ್ಷೆ ಮರಳಿಸಿ ಒಲೆಯ ಕಡೆ ತಿರುಗಿದರು.

ಆ ನಕ್ಷೆ ಹಿಡಿದು ಅವಳು ಹೋದದ್ದು ಹ್ಞೂಂ ಬಡಗಿಯ ಹತ್ತಿರ. ಏನು ಕೇಳಿದರೂ ಹ್ಞೂಂ ಅನ್ನುವುದರಿಂದ ಅವರಿಗೆ ಆ ಹೆಸರು. ಆದರೆ ಅವರು ಕೂರಿಸಿದ ಡ್ರಾಯರನ್ನು ಒಂದು ಬೆರಳಲ್ಲಿ ತಳ್ಳಿದರೆ ಸಾಕು, ಬೆಕ್ಕು ನಡೆದ ಹಾಗೆ ಸದ್ದಿಲ್ಲದೆ ಒಳಗೆ ಹೋಗುತ್ತದೆಂದು ಊರೆಲ್ಲ ಹೊಗಳುತ್ತಿತ್ತು. ಬಡಗಿ ನಕ್ಷೆಯನ್ನು ನೋಡಿದರು, ಮಡಿಸಿ ಅವಳ ಕೈಗೇ ಕೊಟ್ಟರು.

"ಸರಿ ಇದೆಯಾ?"

"ಹ್ಞೂಂ."

"ಹಾಗಾದ್ರೆ ಸೋಮವಾರ ಹಲಗೆ ಕೊಯ್ತೀರಾ?"

"ಹ್ಞೂಂ. ಭಾನುವಾರ ಊಟಕ್ಕೆ ಬರ್ತೀನಿ."

ಕರೆಯದೆ ಊಟಕ್ಕೆ ಬರುವವರನ್ನು ಅವಳು ನೋಡಿದ್ದು ಅದೇ ಮೊದಲು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೇ ಬಡಗಿ ಬಂದರು. ಬಗಲಲ್ಲಿ ಕಂದು ಕಾಗದದ ಒಂದು ದಪ್ಪ ಸುರುಳಿ, ಕೈಯಲ್ಲಿ ಒಂದು ತಗಡಿನ ತಟ್ಟೆ. ಅಡುಗೆಮನೆಯ ನೆಲಕ್ಕೆಲ್ಲ ಕಾಗದ ಹಾಸಿ, ಅಂಚಿಗೆ ಟೇಪು ಅಂಟಿಸಿದರು. ಮರದ ಮೇಲೆ ದಾರ ಹೊಡೆದು ಗೆರೆ ಬೀಳಿಸಲು ಇಟ್ಟುಕೊಂಡಿದ್ದ ನೀಲಿ ಪುಡಿಯನ್ನು ತಟ್ಟೆಗೆ ಸುರಿದು ಬಾಗಿಲ ಬಳಿ ಇಟ್ಟರು.

"ಅಮ್ಮಾ, ಕಾಲು ಇದರೊಳಗೆ ಇಟ್ಟು ಒಳಗೆ ಹೋಗಿ. ದಿನಾ ಮಾಡೋ ಹಾಗೇ ಅಡುಗೆ ಮಾಡಿ. ನಾನು ಕೂಗಿದಾಗ ಬಂದು ಮತ್ತೊಂದು ಸಲ ಅದ್ದಿ."

ಅಷ್ಟು ಉದ್ದದ ಮಾತು ಅವರ ಬಾಯಿಂದ ಬಂದದ್ದಕ್ಕೆ ಹುಡುಗಿ ಬೆರಗಾದಳು. ಚಿಕ್ಕಮ್ಮ ನಾಚಿ ನೀರಾದರು. ಚಿಕ್ಕಪ್ಪ ಭೂತಗನ್ನಡಿ ಮೇಲೇರಿಸಿ, "ನನ್ನ ಅರಮನೆಗೆ ರಾಣಿ ಬಣ್ಣದ ಕಾಲಲ್ಲಿ ಬರ್ತಾ ಇದ್ದಾಳಪ್ಪಾ, ದಾರಿ ಬಿಡಿ!" ಅಂದರು.

"ರಾಣಿಗೆ ತೆಂಗಿನಕಾಯಿ ತುರ್ಕೊಡೋಕೆ ರಾಜ ಬರ್ತಾನಾ?" ಅಂತ ಚಿಕ್ಕಮ್ಮ ಒಳಗಿನಿಂದ ಕೇಳಿದರು. ರಾಜ ಮತ್ತೆ ಗಡಿಯಾರದೊಳಗೆ ತಲೆ ತೂರಿಸಿದ.

ಆಮೇಲೆ ನಡೆದದ್ದನ್ನು ಹುಡುಗಿ ನಡುಮನೆಯಲ್ಲಿ ಬಡಗಿಯ ಪಕ್ಕ ಕುಳಿತು ನೋಡಿದಳು. ಹತ್ತೊಂಬತ್ತು ವರ್ಷ ಅಡುಗೆ ಉಂಡಿದ್ದಳು, ಆದರೆ ಅಡುಗೆ ನಡೆಯುವುದನ್ನು ಸುಮ್ಮನೆ ಕುಳಿತು ನೋಡಿದ್ದು ಇದೇ ಮೊದಲು. ಚಿಕ್ಕಮ್ಮ ಅವಸರ ಮಾಡಲಿಲ್ಲ, ನಿಲ್ಲಲೂ ಇಲ್ಲ. ಅಕ್ಕಿ ತೊಳೆದ ನೀರು ಚೆಲ್ಲುವ ಮೊದಲೇ ಇನ್ನೊಂದು ಕೈ ಪಾತ್ರೆಯ ಮುಚ್ಚಳಕ್ಕೆ ಹೋಗಿರುತ್ತಿತ್ತು. ಈರುಳ್ಳಿ ಹೆಚ್ಚುವ ಸದ್ದು ನಿಂತ ಕ್ಷಣಕ್ಕೆ ಸರಿಯಾಗಿ ಎಣ್ಣೆ ಕಾದಿರುತ್ತಿತ್ತು. ಒಂದೇ ಒಂದು ಸಲವೂ ಹಿಂದೆ ಹೋಗಿ ಮರೆತದ್ದನ್ನು ತರಲಿಲ್ಲ. ನೇಯುವವರ ಲಾಳಿಯ ಹಾಗೆ ಆ ಎರಡು ಕಾಲು ಅತ್ತಿಂದಿತ್ತ ಓಡಾಡುತ್ತಿದ್ದವು, ಕಾಗದದ ಮೇಲೆ ನೀಲಿ ನೂಲು ಬೀಳುತ್ತಿತ್ತು.

"ಕಾಲು," ಅನ್ನುತ್ತಿದ್ದರು ಬಡಗಿ ಆಗಾಗ. ಚಿಕ್ಕಮ್ಮ ಸೌಟು ಹಿಡಿದುಕೊಂಡೇ ಬಂದು ತಟ್ಟೆಯಲ್ಲಿ ಪಾದ ಅದ್ದಿ ಹೋಗುತ್ತಿದ್ದರು.

ಊಟಕ್ಕೆ ಕೂತಾಗ ಬಡಗಿ ಕೇಳುವ ಮೊದಲೇ ಅವರ ತಟ್ಟೆಗೆ ಅನ್ನ ಬಂತು. ಚಿಕ್ಕಪ್ಪ ಉಪ್ಪಿಗೆ ಕಣ್ಣು ಹಾಯಿಸುವಷ್ಟರಲ್ಲಿ ಉಪ್ಪು ಬಂತು. ಹುಡುಗಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಚಿಕ್ಕಮ್ಮನಿಗೆ ಗೋಡೆಯಾಚೆಗೂ ಕಣ್ಣಿದೆ ಎಂದು ಅವಳು ಚಿಕ್ಕವಳಿದ್ದಾಗಲೇ ತೀರ್ಮಾನಿಸಿದ್ದಳು. ಶಾಲೆಯಿಂದ ಅಳುತ್ತಾ ಬಂದ ದಿನ ಅವಳು ಬಾಗಿಲು ತಟ್ಟುವ ಮೊದಲೇ ಬಾಗಿಲು ತೆರೆದಿರುತ್ತಿತ್ತು, ಬೆಲ್ಲದ ಒಂದು ಚೂರು ಕೈಗೆ ಬಂದಿರುತ್ತಿತ್ತು. ಕಥೆಯ ಮಂತ್ರಗಾತಿಯರಲ್ಲಿ ಒಬ್ಬಳು ತಪ್ಪಿಸಿಕೊಂಡು ತಮ್ಮ ಮನೆಯಲ್ಲಿದ್ದಾಳೆಂದು ಅವಳು ಬಹಳ ವರ್ಷ ನಂಬಿದ್ದಳು.

ಊಟವಾದ ಮೇಲೆ ಚಿಕ್ಕಮ್ಮ ಚಹಾಕ್ಕೆ ಹಾಲಿಟ್ಟರು. ಬಡಗಿ ಕಾಗದದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಓದತೊಡಗಿದರು. ಓದಿದರು ಎಂದೇ ಹೇಳಬೇಕು, ಹಾಗಿತ್ತು ಅವರ ನೋಟ.

"ಸಿಂಕಿಂದ ಒಲೆಗೆ ಮೂರು ಹೆಜ್ಜೆ. ಎರಡಕ್ಕೆ ತರಬಹುದು. ಇಲ್ಲಿ ಬರೀ ಮುಂಗಾಲು ಬಿದ್ದಿದೆ, ಹಿಮ್ಮಡಿ ಇಲ್ಲ. ಅಂದ್ರೆ ಮೇಲಿನ ಹಲಗೆ ಎಟುಕ್ತಾ ಇಲ್ಲ." ಅವರ ಬೆರಳು ನಿಧಾನವಾಗಿ ಸರಿದು ಕಿಟಕಿಯ ಪಕ್ಕದ ಮೂಲೆಗೆ ಬಂದು ನಿಂತಿತು. ಅಲ್ಲಿ ಹೆಜ್ಜೆಗಳೇ ಕಾಣುತ್ತಿರಲಿಲ್ಲ. ಒಂದರ ಮೇಲೊಂದು ಬಿದ್ದು ಬಿದ್ದು ಕಾಗದ ಕಡುನೀಲಿಯಾಗಿತ್ತು. "ಇಲ್ಲಿ ಏನಿದೆ?"

"ಏನೂ ಇಲ್ಲ," ಅಂದಳು ಹುಡುಗಿ. "ಬೀರು ಬರೋ ಜಾಗ ಅದು."

"ಏನೂ ಇಲ್ಲದ ಜಾಗದಲ್ಲಿ ಯಾರೂ ಇಷ್ಟು ಸಲ ನಿಲ್ಲಲ್ಲಮ್ಮ."

ಚಿಕ್ಕಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. "ಸುಮ್ನೆ ನಿಂತಿರ್ತೀನಿ ಅಷ್ಟೇ. ನೀವು ಬೀರು ಇಡಿ, ನಾನು ಎಲ್ಲಾದ್ರೂ ನಿಲ್ತೀನಿ."

ಬಡಗಿ ಹ್ಞೂಂ ಅನ್ನಲಿಲ್ಲ. ಹುಡುಗಿಯನ್ನು ನೋಡಿದರು. ಅವಳಿಗೇನು ಅನ್ನಿಸಿತೋ, ಎದ್ದು ಹೋಗಿ ಆ ನೀಲಿಯ ಮೇಲೆ ತನ್ನ ಎರಡು ಪಾದಗಳನ್ನಿಟ್ಟು, ಬಾಗಿಲಿಗೆ ಮುಖ ಮಾಡಿ ನಿಂತಳು.

ಎಡಗಣ್ಣಿನ ಕೊನೆಯಲ್ಲಿ ಒಲೆಯ ಉರಿ ಕಂಡಿತು, ಕತ್ತು ತಿರುಗಿಸಬೇಕಾಗಿರಲಿಲ್ಲ. ನೇರ ಬಾಗಿಲಾಚೆ ಊಟದ ಮೇಜು, ಮೂವರ ತಟ್ಟೆಗಳು, ತಾನು ದಿನಾ ಕೂರುವ ಕುರ್ಚಿ. ಅದರಾಚೆ ಬೀದಿ ಬಾಗಿಲು. ಬಲಕ್ಕೆ ಕಿಟಕಿ, ಕಿಟಕಿಯಲ್ಲಿ ಬೀದಿಯ ತಿರುವು. ಆ ತಿರುವಿನಲ್ಲಿ ಈಗ ಯಾರೋ ಮಗುವಿನ ಕೈ ಹಿಡಿದು ಬರುತ್ತಿದ್ದರು. ಮಗು ಕಾಲೆಳೆದುಕೊಂಡು ನಡೆಯುವುದು ಇಲ್ಲಿಂದಲೇ ಕಾಣುತ್ತಿತ್ತು. ಇಡೀ ಮನೆ, ಒಲೆಯಿಂದ ಬೀದಿಯವರೆಗೆ, ಆ ಎರಡು ಮೊಳದೊಳಗೆ ಬಂದು ಕೂತಿತ್ತು.

ಮಂತ್ರ ಯಾವುದೂ ಇರಲಿಲ್ಲ. ಒಬ್ಬ ಹೆಂಗಸು ಒಂದು ಮನೆಯನ್ನೆಲ್ಲ ಅಳೆದು, ಎಲ್ಲವೂ ಕಾಣುವ ಒಂದೇ ಒಂದು ಜಾಗವನ್ನು ಹುಡುಕಿ, ಯಾರಿಗೂ ಹೇಳದೆ ಅಲ್ಲಿ ನಿಂತಿದ್ದಳು. ಹತ್ತೊಂಬತ್ತು ವರ್ಷ ಅಲ್ಲಿಗೆ ಒಂದು ಡಬ್ಬಿ ಬರಲೂ ಬಿಟ್ಟಿರಲಿಲ್ಲ. ಮಂತ್ರಕ್ಕಿಂತ ಇದೇ ದೊಡ್ಡದೆಂದು ಹುಡುಗಿಗೆ ಅನ್ನಿಸಿತು. ಬೆನ್ನಲ್ಲೇ ತನ್ನ ನಕ್ಷೆ ನೆನಪಾಯಿತು. ಚಿಕ್ಕಮ್ಮನ ಮುಖ ಅರಳಿಸಲು ಹೊರಟವಳು, ನಾಳೆ ಬೆಳಿಗ್ಗೆ ಸೂರಿನವರೆಗೆ ಹಲಗೆ ಹೊಡೆಸಿ ಅವರ ಕಣ್ಣನ್ನೇ ಮುಚ್ಚಿಸುವವಳಿದ್ದಳು.

"ನಿಂಗೆ ಗೊತ್ತಿತ್ತಲ್ಲ ಚಿಕ್ಕಮ್ಮಾ. ನಕ್ಷೆ ನೋಡಿದ್ಯಲ್ಲ. ಯಾಕೆ ಹೇಳ್ಲಿಲ್ಲ?"

"ನೀನು ಅಷ್ಟು ಆಸೆಯಿಂದ ಬರ್ದಿದ್ದೆ."

"ನನ್ನಾಸೆ ಕಟ್ಕೊಂಡು ಏನ್ಮಾಡ್ಲಿ? ಇದು ನಿನ್ನ ಅಡುಗೆಮನೆ!"

"ಬೈಬೇಡ್ವೇ. ಹೊರಗಿನವರ ಮುಂದೆ."

"ನಾನು ಹೊರಗಿನವನಲ್ಲ, ಉಂಡಿದ್ದೀನಿ," ಅಂದರು ಬಡಗಿ.

ಹುಡುಗಿ ನಕ್ಷೆ ಬಿಚ್ಚಿದಳು. ರಬ್ಬರು ತೆಗೆದು ಬೀರುವಿನ ಚೌಕವನ್ನು ಉಜ್ಜಿದಳು, ಕಾಗದ ಸವೆಯುವಷ್ಟು ಉಜ್ಜಿದಳು. ಅಷ್ಟಗಲ ಬಿಳಿ ಉಳಿಯಿತು. ಅಭ್ಯಾಸ ಬಲದಿಂದ ಕೈ ಅಲ್ಲೇನಾದರೂ ಬರೆಯಲು ತುರಿಸುತ್ತಿತ್ತು.

"ಈಗ ಹೇಳು. ಇಲ್ಲಿ ಏನು ಬರ್ಬೇಕು? ಒಂದು ಸ್ಟೂಲು? ಸಣ್ಣ ಮೇಜು?"

ಚಿಕ್ಕಮ್ಮ ಆ ಬಿಳಿಯನ್ನೇ ನೋಡಿದರು. ಬಡಗಿ ಕಾದರು. ಮರ ಒಣಗಲೆಂದು ವರ್ಷಗಟ್ಟಲೆ ಕಾಯುವವರಿಗೆ ಒಂದು ಮಾತಿಗೆ ಕಾಯುವುದು ಯಾವ ಲೆಕ್ಕ? ಹುಡುಗಿಗೆ ಮಾತ್ರ ತಡೆಯದಾಯಿತು. ಈಗಲೂ ನಿನ್ನಿಷ್ಟ ಅಂದುಬಿಟ್ಟರೆ ತಾನು ಕಟ್ಟಿಸುವುದು ಯಾರದೋ ಅಡುಗೆಮನೆ.

"ಏನೂ ಬರ್ಬಾರ್ದು," ಅಂದರು ಚಿಕ್ಕಮ್ಮ ಕೊನೆಗೆ.

"ಅಂದ್ರೆ?"

"ಅಂದ್ರೆ ಏನೂ ಬರ್ಬಾರ್ದು ಅಂತ. ಸ್ಟೂಲೂ ಬೇಡ, ಕೂತ್ರೆ ಕಿಟಕಿ ಮೇಲಾಗುತ್ತೆ. ಆ ಜಾಗ ನಂಗೆ ಹಂಗೇ ಬೇಕು." ತಮ್ಮ ಬಾಯಿಂದ ಬಂದ ಮಾತನ್ನು ತಾವೇ ಕೇಳಿ ನೋಡಿದಂತಿತ್ತು. ಆಮೇಲೆ ಕಟ್ಟೆ ಒಡೆಯಿತು. "ಮತ್ತೆ ಆ ಬೂದು ಬಣ್ಣ ನಂಗೆ ಚೂರೂ ಇಷ್ಟ ಇಲ್ಲ ಕಣೇ, ಬೂದಿ ಮುಖಕ್ಕೆ ರಾಚಿದ ಹಂಗಿದೆ. ಹಳದಿ ಹಾಕ್ಸು. ನಿಂಬೆಹಣ್ಣಿನ ಹಳದಿ. ಮಸಾಲೆ ಡಬ್ಬಿ ಡ್ರಾಯರೊಳಗೆ ಬೇಡ, ಕಣ್ಣೆದುರಿಗೆ ಇರ್ಬೇಕು. ಸಿಂಕು ಆಳ ಬೇಕು, ದೊಡ್ಡ ಪಾತ್ರೆ ತೊಳ್ಯೋವಾಗ ಹೊಟ್ಟೆಯೆಲ್ಲ ಒದ್ದೆ. ಏನ್ರೀ, ನೀವು ಹೇಳಿದ್ರಲ್ಲ ಎರಡು ಹೆಜ್ಜೆ, ಅದು ಬೇಡ, ಮೂರೇ ಇರ್ಲಿ. ನಡುವೆ ತಿರುಗೋಕೆ ಜಾಗ ಬೇಕು."

"ಹ್ಞೂಂ," ಅಂದರು ಬಡಗಿ. ಅವರ ಜೀವಮಾನದ ಹ್ಞೂಂಗಳಲ್ಲೇ ಅಷ್ಟು ಮರ್ಯಾದೆಯ ಹ್ಞೂಂ ಇನ್ನೊಂದಿರಲಾರದು.

ಚಿಕ್ಕಪ್ಪ ಭೂತಗನ್ನಡಿ ತೆಗೆಯುವುದನ್ನೂ ಮರೆತು ಬಾಗಿಲಿಗೆ ಬಂದರು. "ಲೇ, ಇಷ್ಟೆಲ್ಲ ಎಲ್ಲಿ ಇಟ್ಕೊಂಡಿದ್ದೆ?"

"ಯಾರು ಕೇಳಿದ್ರು?"

"ನಾನು ಮೂವತ್ತು ವರ್ಷದಿಂದ..."

"ನೀವು ಗಡಿಯಾರ ನೋಡ್ಕೊಂಡು ಕೇಳ್ತಿದ್ರಿ."

ಹುಡುಗಿ ನೀಲಿಯ ಮೇಲೆ ನಿಂತೇ ಗಡಿಬಿಡಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಹಳದಿ, ಸಿಂಕು, ಮೂರು ಹೆಜ್ಜೆ. ಎದುರಿಗೆ ಚಿಕ್ಕಮ್ಮ, ಒಲೆಗೆ ಬೆನ್ನು ಹಾಕಿ, ಎರಡೂ ಕೈ ಬೀಸಿ ಕಿಟಕಿಯ ಅಗಲ ತೋರಿಸುತ್ತಿದ್ದರು. ಮುಖ ಕೆಂಪಾಗಿತ್ತು, ಹತ್ತು ವರ್ಷ ಸಣ್ಣವರಾಗಿ ಕಾಣುತ್ತಿದ್ದರು. ತಟ್ಟನೆ, ತಿರುಗಿಯೂ ನೋಡದೆ, ಕೈ ಹಿಂದಕ್ಕೆ ಚಾಚಿ ಒಲೆಯ ಉರಿ ಆರಿಸಿದರು. ಹಾಲು ಪಾತ್ರೆಯ ಅಂಚಿನವರೆಗೆ ಬಂದು, ನಿಂತು, ನಿಧಾನವಾಗಿ ಕೆಳಗಿಳಿಯಿತು.

"ಆ ಜಾಗದಲ್ಲಿ ನಿಂತ್ಕೊಂಡು ಹಾಲು ಕಾಣ್ಲಿಲ್ವೇನೇ ನಿಂಗೆ?" ಅಂದರು. "ಸರಿ, ಬರ್ಕೋ. ಕಿಟಕಿ ವಿಷಯ ಇನ್ನೂ ಮುಗಿದಿಲ್ಲ."